ಮದುವೆ ಮನೆಗೆ ತಂದ ಪಕ್ಕೆಲುಬು

ಮದುವೆ ಮನೆಗೆ ಕುರಿಯ ಪಕ್ಕೆಲುಬು ಹಿಡಿದುಕೊಂಡು ಹೋದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?

ನಾನು ಹೋಗಿದ್ದೆ. ಖಾಕಿ ಕವರಿನಲ್ಲಿ ಹಾಕಿ, ಕಂಕುಳಲ್ಲಿ ಇರುಕಿಕೊಂಡು, ಮದ್ದೂರಿನಿಂದ ಆತಗೂರಿನವರೆಗೆ ಬಸ್ಸಿನಲ್ಲಿ ನಿಂತೇ ಹೋಗಿದ್ದೆ. ಆ ಎಲುಬಿನ ಸುದ್ದಿ ಈಗ ನನಗಿಂತ ಮುಂಚೆ ಎಲ್ಲಾ ಕಡೆ ತಲುಪುತ್ತಿದೆ. ಬೋರೇಗೌಡರ ಮಗಳು ಜಯಮ್ಮನ ಕಾಲು ಎರಡನೇ ಸಲ ಮುರಿದದ್ದು ಅದರಿಂದಲೇ ಅಂತೆ. ಚಪ್ಪರದೊಳಕ್ಕೆ ಎಲುಬು ಬಂದ ಮೇಲೆ ಇನ್ನೇನು ಒಳ್ಳೆಯದಾಗುತ್ತದೆ ಅಂತೆ.

(ಅದೇ ಮನೆಯ ಹಿತ್ತಲಿನಲ್ಲಿ ಬೀಗರೂಟಕ್ಕೆಂದು ಬಂಡೂರು ಕುರಿಗಳನ್ನು ಕಟ್ಟಿದ್ದರು. ಅವುಗಳೊಳಗೆ ಎಲುಬು ಇರಲಿಲ್ಲ ಅಂತ ಕಾಣುತ್ತದೆ.)

ನಗಬೇಡಿ. ಈ ವಾರ ನನ್ನ ಅಂಕಣದಲ್ಲಿರುವುದು ನಗುವ ಕತೆ ಅಲ್ಲ.

ನಾನು ಮದ್ದೂರಿನಲ್ಲಿ ಟೈಪಿಂಗ್ ಕಲಿಸುವವನು ಅನ್ನುವುದು ನಿಮಗೆ ಗೊತ್ತು. ಜಯಮ್ಮ ನಮ್ಮ ಇನ್ಸ್‌ಟಿಟ್ಯೂಟಿಗೆ ಆತಗೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸು. ಮದುವೆ ಗೊತ್ತಾಗಿದೆ, ಮಳವಳ್ಳಿಯ ಗಂಡು, ಗೌರ್ಮೆಂಟ್ ಆಫೀಸಿನಲ್ಲಿ ಗುಮಾಸ್ತೆ. ಅಷ್ಟರೊಳಗೆ ಜೂನಿಯರ್ ಪರೀಕ್ಷೆ ಕಟ್ಟಿಬಿಡಬೇಕು ಅನ್ನುವ ಆಸೆ ಅವಳಿಗೆ. ಬೆರಳು ಓಡಿದರೆ ಮೆಷಿನ್ನೇ ಸುಸ್ತಾಗಬೇಕು, ಹಾಗಿತ್ತು ಅವಳ ಸ್ಪೀಡು.

ಬೇಸಿಗೆಯಲ್ಲಿ ಒಂದು ಬೆಳಗ್ಗೆ ಮದ್ದೂರು ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಯುತ್ತಿದ್ದಳು. ಎಡಗಾಲು ಕೆಳಗಿನ ಮೆಟ್ಟಿಲಿನಲ್ಲಿ. ಕಂಡಕ್ಟರ್ ರೈಟ್ ಅಂದುಬಿಟ್ಟ. ಪಾದ ಅಲ್ಲೇ ಸಿಕ್ಕಿಕೊಂಡಿತು, ಮೈ ತಿರುಗಿತು. ಮೊಣಕಾಲಿನ ಕೆಳಗೆ ಮೂಳೆ ಹೋಯಿತು.

ಒಂದು ಸೀಮೆಸುಣ್ಣ ತೆಗೆದುಕೊಳ್ಳಿ. ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ಮುರಿಯಿರಿ. ನೇರವಾಗಿ ಮುರಿಯುತ್ತದೆ ಅಲ್ಲವೇ? ಈಗ ಇನ್ನೊಂದನ್ನು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುರುಳಿಯಾಗಿ, ಓರೆಯಾಗಿ, ಚೂಪಾಗಿ ಮುರಿಯುತ್ತದೆ. ಜಯಮ್ಮನ ಎಲುಬು ಮುರಿದದ್ದು ಎರಡನೆಯ ಥರ. ಮಂಡ್ಯದ ಆಸ್ಪತ್ರೆಯಲ್ಲಿ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದಾಗ ನನಗೆ ನಾಚಿಕೆಯಿಲ್ಲದೆ ಸಂತೋಷವಾಯಿತು. ನಾನು ಓದಿದ್ದ ಡಾಕ್ಟರಿ ಪುಸ್ತಕದಲ್ಲಿ ಇದ್ದ ಹಾಗೇ ಇತ್ತಲ್ಲ ಅಂತ! ನಮ್ಮ ಕಾಲಿನ ಎಲುಬು ಭಾರ ಹೊರುವುದಕ್ಕೆ ಹುಟ್ಟಿದ್ದು. ಬೊಂಬಿನಂತೆ ಒಳಗೆ ಟೊಳ್ಳು, ಅದಕ್ಕೇ ಹಗುರ, ಅದಕ್ಕೇ ಗಟ್ಟಿ. ನೆಟ್ಟಗೆ ನಿಂತರೆ ಮೂಟೆ ಹೊತ್ತರೂ ತಡೆಯುತ್ತದೆ. ತಿರುಚಿದರೆ ಮಾತ್ರ ತಡೆಯುವುದಿಲ್ಲ.

ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಮೂರು ತಿಂಗಳು, ಆಮೇಲೆ ಎಕ್ಸ್‌ರೇ, ಅದನ್ನು ನೋಡದೆ ಕಾಲು ಊರಕೂಡದು ಅಂತ ಡಾಕ್ಟರು ಬೋರೇಗೌಡರಿಗೆ ಬಿಡಿಸಿ ಹೇಳಿದರು. ಗೌಡರು ತಲೆ ಅಲ್ಲಾಡಿಸಿದರು. (ತಲೆ ಅಲ್ಲಾಡಿಸುವುದಕ್ಕೂ ಒಪ್ಪುವುದಕ್ಕೂ ಸಂಬಂಧವಿಲ್ಲ ಅನ್ನುವುದು ನನಗೆ ಆಗ ತಿಳಿದಿರಲಿಲ್ಲ.)

ಮದುವೆ ಇದ್ದದ್ದು ಆಷಾಢಕ್ಕೆ ಮುಂಚೆ. ಅಂದರೆ ಪ್ಲಾಸ್ಟರ್ ಬಿಚ್ಚುವುದಕ್ಕೂ ಮುಂಚೆ.

ಈಗ ನನ್ನ ಹುಚ್ಚಿನ ಬಗ್ಗೆ ಎರಡು ಮಾತು. ಮೈಸೂರಿನ ಫುಟ್‌ಪಾತಿನಲ್ಲಿ ರಟ್ಟು ಕಿತ್ತುಹೋದ ದಪ್ಪನೆಯ ಡಾಕ್ಟರಿ ಪುಸ್ತಕವೊಂದು ಸಿಕ್ಕಿತ್ತು. ಮೊದಲಿನ ಪುಟಗಳಿಲ್ಲ, ಕೊನೆಯವೂ ಇಲ್ಲ. ಮಧ್ಯದಲ್ಲಿ ಇರುವುದೆಲ್ಲ ಎಲುಬು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಅರ್ಥವಾಗದ್ದನ್ನು ಮಟನ್ ಅಂಗಡಿಯಿಂದ ಎಲುಬು ತಂದು ಅರ್ಥ ಮಾಡಿಕೊಂಡೆ. ಪುರೋಹಿತರ ಮಗ ಮಟನ್ ಅಂಗಡಿ ಮುಂದೆ ನಿಂತರೆ ಏನಾಗುತ್ತದೆ? ಅಮ್ಮ ನನ್ನ ತಟ್ಟೆ ಲೋಟವನ್ನು ಕೊಟ್ಟಿಗೆಗೆ ವರ್ಗ ಮಾಡಿದಳು. ಎಲುಬುಗಳೂ ಅಲ್ಲೇ, ನಾನೂ ಅಲ್ಲೇ, ಹಸುವೂ ಅಲ್ಲೇ.

ಎಲುಬು ಅಂದರೆ ಕಲ್ಲು ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅದರಲ್ಲಿ ಎರಡು ವಸ್ತು ಇದೆ. ಒಂದು ನಾರು, ಇನ್ನೊಂದು ಸುಣ್ಣ. ಎಲುಬನ್ನು ಬೆಂಕಿಗೆ ಹಾಕಿ ಚೆನ್ನಾಗಿ ಸುಟ್ಟರೆ ನಾರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ನೋಡುವುದಕ್ಕೆ ಎಲುಬೇ, ಬೆರಳಲ್ಲಿ ಒತ್ತಿದರೆ ಪುಡಿ. ನೀರು ಬೆರೆಸಿದ ಆಸಿಡ್ಡಿನಲ್ಲಿ ನೆನೆಹಾಕಿದರೆ ಸುಣ್ಣ ಕರಗುತ್ತದೆ, ನಾರು ಉಳಿಯುತ್ತದೆ. ಅದೂ ನೋಡುವುದಕ್ಕೆ ಎಲುಬೇ. ಆದರೆ ಸೈಕಲ್ ಟ್ಯೂಬಿನ ಥರ ಬಗ್ಗುತ್ತದೆ. ಕಟ್ಟಡದ ಮೇಸ್ತ್ರಿಗಳನ್ನು ಕೇಳಿ, ಕಂಬಿ ಮತ್ತು ಸಿಮೆಂಟು ಅಂತ ತಟ್ಟನೆ ಹೇಳುತ್ತಾರೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಮನೆ ನಿಲ್ಲುತ್ತದೆಯೇ?

ಮುರಿದ ಎಲುಬು ಕೂಡುವುದೂ ಹೀಗೇ, ಹಂತ ಹಂತವಾಗಿ. ಮೊದಲು ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಅದರೊಳಗೆ ನಾರು ಹೆಣೆದುಕೊಳ್ಳುತ್ತದೆ. ಆಮೇಲೆ ನಮ್ಮ ಕಿವಿಯಲ್ಲಿ ಇದೆಯಲ್ಲ, ಅಂಥದೇ ಮೆತ್ತನೆಯ ಮೂಳೆ. ಅದರೊಳಕ್ಕೆ ನಿಧಾನವಾಗಿ ಸುಣ್ಣ ತುಂಬುತ್ತದೆ. ಮುರಿದ ಜಾಗದ ಸುತ್ತ ಒಂದು ಗಂಟು ಕಟ್ಟುತ್ತದೆ. ಹಳೆಯ ಎಲುಬಿಗಿಂತ ದಪ್ಪ. ಯಾಕೆ ದಪ್ಪ ಹೇಳಿ? ಮಾಲು ಇನ್ನೂ ಮೆತ್ತಗಿದೆ ಅಂತ ದೇಹಕ್ಕೆ ಗೊತ್ತು, ಅದಕ್ಕೇ ಜಾಸ್ತಿ ಅಗಲಕ್ಕೆ ಹರಡಿ ಕಟ್ಟುತ್ತದೆ. ಮೇಸ್ತ್ರಿ ಇಲ್ಲ, ಇಂಜಿನಿಯರ್ ಇಲ್ಲ, ಎಂಥ ಲೆಕ್ಕಾಚಾರ ನೋಡಿ! ಗಟ್ಟಿಯಾದ ಮೇಲೆ ಬೇಡವಾದದ್ದನ್ನು ತಾನೇ ಕೆತ್ತಿ ತೆಗೆಯುತ್ತದೆ. ಭಾರ ಬೀಳುವ ಕಡೆ ಎಲುಬು ಬಲಿಯುತ್ತದೆ, ಕೆಲಸವಿಲ್ಲದ ಕಡೆ ಸೊರಗುತ್ತದೆ. ಆದ್ದರಿಂದ ಪ್ಲಾಸ್ಟರ್ ಬಿಚ್ಚಿದ ಕಾಲಿಗೆ ಭಾರವನ್ನು ಚಮಚದಲ್ಲಿ ಔಷಧಿ ಕೊಟ್ಟಹಾಗೆ ಕೊಡಬೇಕು. ಮೊದಲು ಬೆರಳ ತುದಿ, ಆಮೇಲೆ ಪಾದ, ಆಮೇಲೆ ಮೈ.

ಇಷ್ಟನ್ನೂ ಬೋರೇಗೌಡರಿಗೆ ಹೇಳಿದೆ. ನಮ್ಮ ಮನೆಯ ಜಗುಲಿಯಲ್ಲೇ.

ಲಗ್ನಪತ್ರಿಕೆ ಕೊಡುವುದಕ್ಕೆ ಬಂದಿದ್ದರು. ಮುಹೂರ್ತ ಇಟ್ಟುಕೊಟ್ಟದ್ದು ನಮ್ಮಪ್ಪನೇ. ಗೌಡರು ಕಾಫಿ ಕುಡಿಯುತ್ತಾ, ಹೊಲದ ಸುದ್ದಿ ಹೇಳಿದಷ್ಟೇ ಸಲೀಸಾಗಿ, ಪ್ಲಾಸ್ಟರ್ ಬಿಚ್ಚಿದೆವು ಅಂದರು. ಯಾರು ಬಿಚ್ಚಿದರು ಅಂದೆ. ತಾವೇ ಅಂತೆ. ಬಿಸಿನೀರು ಹುಯ್ದು ಹುಯ್ದು ನೆನೆಸಿ, ಕುಡುಗೋಲಿನಲ್ಲಿ ಸೀಳಿದರಂತೆ. ಚರ್ಮಕ್ಕೆ ಒಂದು ಗೀರು ಕೂಡ ಬಿದ್ದಿಲ್ಲವಂತೆ. ಅದರ ಬಗ್ಗೆ ಅವರಿಗೆ ಹೆಮ್ಮೆ.

"ಮುಟ್ಟಿ ನೋಡುದ್ರೆ ಮೂಳೆ ಮೊದ್ಲಿಗಿಂತ ದಪ್ಪ ಆಗದೆ ಚಿಕ್ಕಯ್ನೋರೆ. ನೋವೂ ಇಲ್ಲ. ಕೂಡ್ಕಂಡದೆ ಬುಡಿ."

ದಪ್ಪ ಆಗಿದೆ ಅಂದರೆ ಇನ್ನೂ ಮೆತ್ತಗಿದೆ ಅಂತ ಅರ್ಥ ಅಂದೆ. ಅವರು ನಮ್ಮಪ್ಪನ ಮುಖ ನೋಡಿದರು. ನಿಮ್ಮ ಮಗ ಹುಷಾರಾಗಿದ್ದಾನಾ ಅನ್ನುವ ಹಾಗೆ.

ಅಪ್ಪ ನನ್ನ ಎಲುಬುಗಳನ್ನು ಒಪ್ಪಿದವರಲ್ಲ. ಆದರೂ ಅವತ್ತು ಪಂಚಾಂಗ ತೆಗೆದರು. ಶ್ರಾವಣದಲ್ಲಿ ಇದಕ್ಕಿಂತ ಒಳ್ಳೆಯ ಲಗ್ನ ಇದೆ, ತಳ್ಳಿಬಿಡಿ ಅಂದರು. ಕಾಲು ಮುರಿದ ಹೊಸದರಲ್ಲೇ ಒಂದು ಸಲ ಹೇಳಿದ್ದರು, ಇದು ಎರಡನೇ ಸಲ.

ಗೌಡರು ಲೋಟ ಕೆಳಗಿಟ್ಟರು. "ಸ್ರಾವಣಕ್ಕೆ ತಳ್ಳುದ್ರೆ ಬೀಗ್ರು ಯಾಕೆ ಅಂತಾರೆ. ಯಾಕೆ ಅಂದ್ರೆ ಕಾಲು ಅನ್ಬೇಕು. ಕಾಲು ಅಂದ್ರೆ ಮದ್ವೆ ಇಲ್ಲ ಸ್ವಾಮಿ."

ಬೀಗರಿಗೆ ಕಾಲು ಮುರಿದದ್ದೇ ಗೊತ್ತಿರಲಿಲ್ಲ! ಹುಡುಗಿ ಸೋದರತ್ತೆಯ ಮನೆಗೆ ಹೋಗಿದ್ದಾಳೆ ಅಂತ ಹೇಳಿ ಬೇಸಿಗೆ ಪೂರ್ತಿ ನಡೆಸಿಬಿಟ್ಟಿದ್ದರು. ಬಸ್ಸಿನಿಂದ ಬಿದ್ದದ್ದು ಅವಳ ತಪ್ಪೇ? ಅಲ್ಲ. ಮೂಳೆ ಮುರಿಯುವುದು ರೋಗವೇ? ಅಲ್ಲ. ಗಂಡಿನ ಕಾಲು ಮುರಿದಿದ್ದರೆ ಮುಚ್ಚಿಡುತ್ತಿದ್ದರೇ? ಕೋಲು ಹಿಡಿದು ಕುಂಟಿಕೊಂಡೇ ಹಸೆಗೆ ಬರುತ್ತಿದ್ದ, ಹೆಣ್ಣಿನ ಕಡೆಯವರು ಪಾಪ ಅನ್ನುತ್ತಾ ಕುರ್ಚಿ ಹಾಕುತ್ತಿದ್ದರು.

ಅದಕ್ಕೇ ಮಾರನೆಯ ದಿನ ಆಸಿಡ್ಡಿನಲ್ಲಿ ನೆನೆಸಿಟ್ಟಿದ್ದ ಪಕ್ಕೆಲುಬು ತೆಗೆದುಕೊಂಡು ಆತಗೂರಿಗೆ ಹೋದೆ. ಮಾತು ತಲುಪದಿದ್ದರೆ ವಸ್ತು ತಲುಪೀತು ಅಂತ.

ಚಪ್ಪರಕ್ಕೆ ತೆಂಗಿನ ಗರಿ ಹೊದಿಸುತ್ತಿದ್ದರು. ಹೆಂಗಸರು ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಜಯಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಸೀರೆಯಂಚಿನ ಕೆಳಗೆ ಕಾಣುತ್ತಿದ್ದ ಎಡಗಾಲು ಬಲಗಾಲಿನ ತಂಗಿಯ ಹಾಗಿತ್ತು, ಅಷ್ಟು ಸಣ್ಣ. ನಾನು ಕವರಿನಿಂದ ಎಲುಬು ತೆಗೆದು ಬೋರೇಗೌಡರ ಕೈಗೆ ಕೊಟ್ಟೆ. ಗಟ್ಟಿ ತಾನೇ ಕಾಣುವುದಕ್ಕೆ ಅಂದೆ. ಊಂ ಅಂದರು. ವಾಪಸ್ ತೆಗೆದುಕೊಂಡು, ಎರಡು ತುದಿ ಸೇರಿಸಿ ಬಳೆಯ ಹಾಗೆ ಬಗ್ಗಿಸಿ ತೋರಿಸಿದೆ. ಅಕ್ಕಿ ಆರಿಸುತ್ತಿದ್ದ ಕೈಗಳು ನಿಂತವು. ನಾನು ಗೆದ್ದೆ ಅಂದುಕೊಂಡೆ. ಮಗಳ ಕಾಲು ಈಗ ಹೀಗಿದೆ ಗೌಡ್ರೆ, ಸುಣ್ಣ ತುಂಬಿಲ್ಲ, ಇನ್ನೊಂದು ತಿಂಗಳಾದರೂ ಬೇಕು ಅಂದೆ.

ಆಗ ಮೂಲೆಯಲ್ಲಿದ್ದ ಒಬ್ಬ ಮುದುಕಿ ಮೊರ ಬಿಟ್ಟು ಎದ್ದರು. "ಅಯ್ನೋರ ಮಗ ಆಗಿ ಸುಬಕಾರ್ಯದ ಮನೇಗೆ ಮೂಳೆ ತಂದವನಲ್ಲಾ, ತಗದಾಕ್ರಲಾ ಅದ."

ಅಷ್ಟೇ. ವಿಜ್ಞಾನ ಅಲ್ಲಿಗೆ ಮುಗಿಯಿತು.

ಬೋರೇಗೌಡರು ನನ್ನ ಭುಜ ಹಿಡಿದು ಚಪ್ಪರದ ಆಚೆ ಕರೆದುಕೊಂಡು ಬಂದರು. ಒಳ್ಳೆಯ ಮನುಷ್ಯ. ಬೈಯಲಿಲ್ಲ. ಸಮಾಧಾನ ಹೇಳಿದರು. ಹಸೆಯ ಮೇಲೆ ಕೂರುವುದೇ ತಾನೇ, ಎದ್ದಾಗ ಕಳಸಗಿತ್ತಿಯರು ಆ ಕಡೆ ಈ ಕಡೆ ಹಿಡಿದುಕೊಳ್ಳುತ್ತಾರೆ, ಮಳವಳ್ಳಿಗೆ ವ್ಯಾನು ಗೊತ್ತು ಮಾಡಿದೆ, ನಡೆಯುವ ಪ್ರಮೇಯವೇ ಇಲ್ಲ ಅಂದರು. ಗಂಡನ ಮನೆ ಹೊಸಿಲಲ್ಲಿ ಅಕ್ಕಿಯ ಸೇರು ಒದೆಯುವಾಗ ಅಂದೆ.

"ಒದಿಯೋದು ಬಲಗಾಲಲ್ ತಾನೆ? ಮುರುದಿರೋದು ಎಡಗಾಲು. ಇನ್ನೇನ್ ಬಯ?"

ಓದುಗರೇ, ಈ ಮಾತನ್ನು ಇನ್ನೊಂದು ಸಲ ಓದಿ. ಆತಗೂರಿನಲ್ಲಿ ಅವತ್ತು ಇದನ್ನು ಕೇಳಿದವರೆಲ್ಲ ಹೌದಲ್ಲ ಅಂದರು. ನಿಮ್ಮಲ್ಲೂ ಕೆಲವರು ಈಗ ಹೌದಲ್ಲ ಅಂದಿದ್ದೀರಿ.

ಗೌಡ್ರೆ, ಒಂದು ಸಲ ಬಲಗಾಲು ಎತ್ತಿ ಅಂದೆ. ಎತ್ತಿದರು. ಈಗ ನಿಮ್ಮ ಮೈಯ ಭಾರ ಎಲ್ಲಿದೆ, ಪೂರ್ತಿ ಎಡಗಾಲಿನ ಮೇಲೆ ತಾನೇ, ಹಾಗೇ ಎದುರಿಗೆ ಸೇರು ಇದೆ ಅಂತ ಒದೆಯಿರಿ ಅಂದೆ. ಒದ್ದರು. ಸೊಂಟ ತಿರುಗಿತು. ಎಡಗಾಲಿನ ಪಾದ ಮಾತ್ರ ನೆಲದಲ್ಲಿ ಹಾಗೇ ಊರಿತ್ತು. ಸೀಮೆಸುಣ್ಣ ತಿರುಚಿದ ಹಾಗೆ ಅಲ್ಲವೇ ಅಂತ ನಾನು ಕೇಳುವುದಕ್ಕೆ ಮುಂಚೆ ಗೌಡರು ನಕ್ಕುಬಿಟ್ಟರು.

"ನಂಗೇನೂ ಆಗ್ನಿಲ್ವಲ್ಲ ಚಿಕ್ಕಯ್ನೋರೆ!"

ಚಪ್ಪರ ಹಾಕುತ್ತಿದ್ದವರೂ ನಕ್ಕರು. ಒಳಗೆ ಚಾಪೆಯ ಮೇಲಿನಿಂದಲೇ ತೆರೆದ ಬಾಗಿಲಲ್ಲಿ ಇದನ್ನೆಲ್ಲ ನೋಡುತ್ತಿದ್ದ ಜಯಮ್ಮ ಒಬ್ಬಳೇ ನಗಲಿಲ್ಲ. ಎಡಗಾಲನ್ನು ಮೆಲ್ಲಗೆ ಸೀರೆಯೊಳಕ್ಕೆ ಎಳೆದುಕೊಂಡಳು.

ಮದುವೆ ಚೆನ್ನಾಗಿಯೇ ಆಯಿತು. ಧಾರೆ ಆಯಿತು, ಊಟ ಆಯಿತು. ಹೆಣ್ಣು ಎಷ್ಟು ನಾಚಿಕೆಯವಳು, ಹೆಜ್ಜೆ ಎತ್ತಿಡುವುದಕ್ಕೂ ಹಿಂಜರಿಯುತ್ತಾಳೆ ಅಂತ ಗಂಡಿನ ಕಡೆಯವರು ಮೆಚ್ಚಿಕೊಂಡರು. (ನೋವನ್ನು ನಾಚಿಕೆ ಅಂತ ಓದುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.) ಸಂಜೆಯ ಹೊತ್ತಿಗೆ ವ್ಯಾನು ಮಳವಳ್ಳಿ ತಲುಪಿತು. ಹೆಣ್ಣಿನ ಕಡೆಯವರ ಜೊತೆ ನಾನೂ ಹೋಗಿದ್ದೆ.

ಹೊಸಿಲ ಮೇಲೆ ಸೇರು. ಸೇರಿನ ತುಂಬ ಅಕ್ಕಿ, ಅದರ ಮೇಲೆ ಒಂದಚ್ಚು ಬೆಲ್ಲ. ಒಳಗೆ ಅತ್ತೆ ಆರತಿ ಹಿಡಿದು ನಿಂತಿದ್ದರು. ಗಂಡಿನ ಶಲ್ಯಕ್ಕೆ ಜಯಮ್ಮನ ಸೆರಗು ಗಂಟು ಹಾಕಿತ್ತು. ಎರಡು ಕಡೆ ಕಳಸಗಿತ್ತಿಯರು ತೋಳು ಹಿಡಿದಿದ್ದರು. ಅವರು ಹಾಗೇ ಹಿಡಿದುಕೊಂಡಿದ್ದರೆ ಬಹುಶಃ ದಾಟಿಬಿಡುತ್ತಿದ್ದಳು. ಆದರೆ ಮಳವಳ್ಳಿಯವರು ಫೋಟೋದವನನ್ನು ಕರೆಸಿದ್ದರು. ಅವನು ಪಕ್ಕದವರೆಲ್ಲ ಸ್ವಲ್ಪ ಸರಿಯಿರಿ, ಹೆಣ್ಣು ಗಂಡು ಇಬ್ಬರೇ ಬರಲಿ ಅಂದ. ಕಳಸಗಿತ್ತಿಯರು ಕೈ ಬಿಟ್ಟರು. ಜಯಮ್ಮ ಬಲಗಾಲು ಎತ್ತಿದಳು. ಅವನು ಈ ಕಡೆ ನೋಡಮ್ಮ ಅಂದ. ಅವಳು ತಿರುಗಿದಳು.

ಸದ್ದೇನೂ ಬರಲಿಲ್ಲ. ಬಲಿತ ಎಲುಬು ಸದ್ದು ಮಾಡುತ್ತದೆ. ಸುಣ್ಣ ತುಂಬದ ಗಂಟು ಸುಮ್ಮನೆ ಬಗ್ಗುತ್ತದೆ. ಕಾಲು ಬಗ್ಗಬಾರದ ಕಡೆ ಬಗ್ಗಿತು. ಅವಳು ಹೊಸಿಲ ಹೊರಗೇ ಕುಸಿದು ಕೂತಳು. ಬಲಗಾಲು ಸೇರಿನವರೆಗೆ ಹೋಗಿರಲೇ ಇಲ್ಲ.

ಅತ್ತೆ ಮೊದಲು ನೋಡಿದ್ದು ಸೇರನ್ನು. ಒಂದು ಕಾಳು ಚೆಲ್ಲಿರಲಿಲ್ಲ. ಆಮೇಲೆ ಜಯಮ್ಮನ ಮುಖ. ಯಾರೋ ಸೀರೆ ಸರಿಸಿದಾಗ ಕೊನೆಗೆ ಕಾಲು. ಸೊರಗಿದ, ಬಿಸಿಲು ಕಾಣದೆ ಬಿಳಿಚಿಕೊಂಡ ಕಾಲು. ಅದು ಇವತ್ತು ಮುರಿದ ಕಾಲಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಆರತಿ ತಟ್ಟೆ ಕೆಳಗಿಟ್ಟರು. ಜೋರಾಗಿ ಏನೂ ಅನ್ನಲಿಲ್ಲ.

"ಸೇರೂ ಒದೀನಿಲ್ಲ, ಒಳಕ್ಕೂ ಬರ್ನಿಲ್ಲ. ಇಂಗೇ ವಾಪಸ್ ಕರ್ಕಂಡೋಗಿ ಬೀಗ್ರೆ."

ಗಂಡು ಏನು ಮಾಡಿದ ಅಂತ ಕೇಳುತ್ತೀರಾ? ಶಲ್ಯದ ಗಂಟು ಬಿಚ್ಚುತ್ತಿದ್ದ.

ಚಪ್ಪರದ ಬೊಂಬಿನಲ್ಲಿ ಎರಡು ದಬ್ಬೆ ಸೀಳಿಸಿ, ಟವಲು ಸುತ್ತಿ, ಕಾಲನ್ನು ಅಲುಗಾಡದ ಹಾಗೆ ಕಟ್ಟಿದೆ. ಬಂದ ವ್ಯಾನಿನಲ್ಲೇ ಮಂಡ್ಯಕ್ಕೆ. ದಾರಿಯುದ್ದಕ್ಕೂ ಬೋರೇಗೌಡರು ಮಗಳ ಪಾದ ಹಿಡಿದುಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಬೈದದ್ದು ನನಗೆ, ಎದುರಿಗೆ ನಿಂತವನು ನಾನೊಬ್ಬನೇ ಆದ್ದರಿಂದ. ಎಲುಬಿನ ಲೆಕ್ಕ ಮತ್ತೆ ಮೊದಲಿನಿಂದ ಶುರು ಅಂದರು. ಈ ಸಲ ಇನ್ನೂ ನಿಧಾನ. ಕೂಡಿದರೂ ಕಾಲು ಸ್ವಲ್ಪ ಗಿಡ್ಡ ಆಗಬಹುದು.

ಆಮೇಲೆ ಶುರುವಾಯಿತು ನೋಡಿ ತೀರ್ಮಾನಗಳು. ಮಳವಳ್ಳಿಯವರ ಪ್ರಕಾರ ಹುಡುಗಿಯ ಕಾಲ್ಗುಣ ಸರಿಯಿಲ್ಲ. ಆತಗೂರಿನವರ ಪ್ರಕಾರ ಯಾರದೋ ಕಣ್ಣು ಬಿದ್ದಿದೆ. ಮದ್ದೂರಿನವರ ಪ್ರಕಾರ ಟೈಪಿಂಗ್ ಮೇಷ್ಟ್ರು ತಂದ ಎಲುಬು. ಇನ್ಸ್‌ಟಿಟ್ಯೂಟಿಗೆ ಬರುತ್ತಿದ್ದ ಇಬ್ಬರು ಹುಡುಗಿಯರನ್ನು ಮನೆಯವರು ಬಿಡಿಸಿದ್ದಾರೆ. ನನ್ನ ನೆರಳು ಕೂಡ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಮೇಲೆ ಬೀಳಬಾರದಂತೆ. ಕುಡುಗೋಲಿನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಕಾಲ್ಗುಣ ನೋಡುವವರಿಗೆ ಕಾಲು ಯಾಕೆ ಕಾಣುವುದಿಲ್ಲ?

ಜಯಮ್ಮನನ್ನು ನೋಡುವುದಕ್ಕೆ ಹೋಗಿದ್ದೆ. ಮತ್ತೆ ತೊಡೆಯವರೆಗೆ ಪ್ಲಾಸ್ಟರು. ಕೈಯಲ್ಲಿ ಮದುವೆಯ ಹಸಿರು ಬಳೆ. ಅದನ್ನೇ ತಿರುಗಿಸುತ್ತಿದ್ದಳು. ಆಮೇಲೆ ಅಂದಳು, "ನಮ್ಮಪ್ಪನ ಕಾಲ ಎತ್ತುಸುದ್ರಲ್ಲ ಸಾ, ಅವತ್ತೇ ನಂಗೆ ಗೊತ್ತಾಯ್ತು."

ಯಾಕೆ ಹೇಳಲಿಲ್ಲ ಅಂತ ಕೇಳುವುದಕ್ಕೆ ಬಾಯಿ ತೆರೆದೆ. ಮುಚ್ಚಿಕೊಂಡೆ. ಯಾರಿಗೆ ಹೇಳಬೇಕಾಗಿತ್ತು ಅವಳು? ಅಷ್ಟರಲ್ಲಿ ಅವಳೇ ಬೇರೆ ವಿಷಯ ತೆಗೆದಳು. ಜೂನಿಯರ್ ಪರೀಕ್ಷೆ ಕೂತುಕೊಂಡೇ ತಾನೇ ಬರೆಯುವುದು, ಅದಕ್ಕೆ ಕಾಲು ಬೇಕಾಗುವುದಿಲ್ಲ ಅಲ್ಲವಾ ಅಂದಳು. ಬೇಕಾಗುವುದಿಲ್ಲ ಅಂದೆ. ಹೊದಿಕೆಯ ಮೇಲೆ ಅವಳ ಬೆರಳುಗಳು ಆಗಲೇ ಓಡುತ್ತಿದ್ದವು.

ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಮೊನ್ನೆ ಬೋರೇಗೌಡರು ಮತ್ತೆ ನಮ್ಮ ಜಗುಲಿಗೆ ಬಂದರು.

ಮಳವಳ್ಳಿಯಿಂದ ಹೇಳಿಕಳಿಸಿದ್ದಾರೆ. ತಾಳಿ ಬಿದ್ದಾಗಿದೆ, ಬಿಡುವ ಹಾಗಿಲ್ಲ. ಆದರೆ ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಅರ್ಧಕ್ಕೆ ನಿಂತಿದೆ. ಶ್ರಾವಣ ಬಂದ ತಕ್ಷಣ ಒಂದು ದಿನ ನೋಡಿಸಿ, ಹೆಣ್ಣು ಎಲ್ಲರ ಎದುರಿಗೆ ನಿಂತು ಸರಿಯಾಗಿ ಸೇರು ಒದ್ದು ಒಳಗೆ ಬಂದರೆ ಕರೆದುಕೊಳ್ಳುತ್ತಾರಂತೆ. ಇಲ್ಲದಿದ್ದರೆ ಇಲ್ಲ.

ಶ್ರಾವಣದ ಹೊತ್ತಿಗೆ ಆ ಎಲುಬು ಮತ್ತೆ ನಾನು ತೋರಿಸಿದ ಪಕ್ಕೆಲುಬಿನ ಹಾಗೇ ಇರುತ್ತದೆ ಅಂದೆ. ಅಪ್ಪನ ಮುಖ ನೋಡಿ ಅಂದೆ. ಅಪ್ಪ ಪಂಚಾಂಗ ತಿರುವಿದರು, ಇನ್ನೊಂದು ಸಲ ತಿರುವಿದರು, ಮುಚ್ಚಿದರು. ಶ್ರಾವಣದಲ್ಲಿ ಈ ಹುಡುಗಿಯ ನಕ್ಷತ್ರಕ್ಕೆ ಒಂದು ದಿನವೂ ಇಲ್ಲ, ದೀಪಾವಳಿ ಕಳೆಯಲಿ ಅಂದರು. ಅಪ್ಪ ಪಂಚಾಂಗ ಮುಟ್ಟಿಕೊಂಡು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗೌಡರಿಗೆ ಅದು ತಿಳಿಯಿತೋ ಏನೋ. ಎದ್ದು ಕೈ ಮುಗಿದರು. ನಾನು ಗೇಟಿನವರೆಗೆ ಹೋದೆ. ಟವಲಿನಲ್ಲಿ ಕಣ್ಣು ಒರೆಸಿಕೊಂಡರು.

"ಗಂಡನ್ ಮನೆ ಸೇರ್ನಿಲ್ಲ ಅಂದ್ರೆ ಎಣ್ಣು ಎಲ್ಲಿರ್ತದೆ ಚಿಕ್ಕಯ್ನೋರೆ? ಕಾಲ್ ಮುರೀಲಿ ಅಂತ ನಾನೇನ್ ಅರ್ಸ್ಕಂಡಿದ್ದೀನಾ?"

ಇಲ್ಲ. ಹರಕೆ ಕಟ್ಟಿದ್ದರೂ ಅವರು ಮಗಳ ಕಾಲು ಕೂಡಲಿ ಅಂತಲೇ ಕಟ್ಟಿರುತ್ತಾರೆ. ಅದು ನನಗೆ ಗೊತ್ತು. ಅದಕ್ಕೇ ಇನ್ನೂ ಸಂಕಟ. ಅವರು ಬಸ್ ಸ್ಟ್ಯಾಂಡಿನ ಕಡೆ ಹೋಗಲಿಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಪುರೋಹಿತರಿದ್ದಾರೆ, ಅಲ್ಲಿಗೆ ಹೋದರು. ಅಮ್ಮ ಅವರಿಗೆಂದು ತಂದ ಕಾಫಿ ಆರುವುದರೊಳಗೆ ಸುದ್ದಿ ಬಂತು. ಶ್ರಾವಣದ ಮೊದಲನೇ ವಾರದಲ್ಲೇ ಪ್ರಶಸ್ತವಾದ ದಿನ ಸಿಕ್ಕಿದೆಯಂತೆ.

ಬೀಗರು ಕೇಳಿದ ತಕ್ಷಣ ಸಿಕ್ಕಿದ ಈ ಶ್ರಾವಣ, ಜಯಮ್ಮನ ಕಾಲು ಕೇಳಿದಾಗ ಎಲ್ಲಿಗೆ ಹೋಗಿತ್ತು?